ಬಳಸಿದ ಸಾಮಾನಿನಲ್ಲಿ ಮೊದಲ ರೀಫ್ ಟ್ಯಾಂಕ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಅಲ್ಲೇ ಬಿಟ್ಟು ಬರಬೇಕು

ಪ್ರಶ್ನೆ: ಮೊದಲ ಸಲ ಉಪ್ಪುನೀರಿನ ಹವಳದ ಟ್ಯಾಂಕ್ ಮಾಡಬೇಕೆಂದಿದ್ದೇನೆ. ಹವ್ಯಾಸ ಬಿಡುತ್ತಿರುವ ಒಬ್ಬರು ತಮ್ಮ ಇಡೀ ಸೆಟ್ ಮಾರುತ್ತಿದ್ದಾರೆ. 90×45×45 ಸೆಂ.ಮೀ. ಗಾಜಿನ ಟ್ಯಾಂಕ್, ಸ್ಟ್ಯಾಂಡ್, ಸಂಪ್ (ಟ್ಯಾಂಕಿನ ಕೆಳಗಿಡುವ, ನೀರು ಶುದ್ಧೀಕರಿಸುವ ತೊಟ್ಟಿ), ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಉಪಕರಣ), ರಿಟರ್ನ್ ಪಂಪ್ (ಸಂಪಿನ ನೀರನ್ನು ಮತ್ತೆ ಮೇಲೇರಿಸುವುದು), ಎರಡು ವೇವ್‌ಮೇಕರ್ (ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಪಂಪು), ಎರಡು ಎಲ್‌ಇಡಿ ಲೈಟ್, ಹೀಟರ್, ಚಿಲ್ಲರ್ (ನೀರು ತಂಪು ಮಾಡುವ ಯಂತ್ರ), ಆರ್‌ಒ ಘಟಕ, ಟೆಸ್ಟ್ ಕಿಟ್‌ಗಳು, ಜೊತೆಗೆ ಕಲ್ಲು ಮತ್ತು ಮರಳು. ಟ್ಯಾಂಕಿಗೆ ಏಳು ವರ್ಷವಾಗಿದೆ, ಈಗಲೂ ಓಡುತ್ತಿದೆ, ಒಳಗೆ ಎರಡು ಕ್ಲೌನ್ ಮೀನುಗಳಿವೆ. ಹೊಸದಕ್ಕೆ ಹೋಲಿಸಿದರೆ ಬೆಲೆ ಬಹಳ ಕಡಿಮೆ. ತೆಗೆದುಕೊಳ್ಳಬಹುದೇ?

ಉತ್ತರ: ತೆಗೆದುಕೊಳ್ಳಬಹುದು, ಆದರೆ ಇಡಿಯಾಗಿ ಅಲ್ಲ. ಪ್ರತಿಯೊಂದು ವಸ್ತುವಿನ ಮುಂದೆ ನಿಂತು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇದು ಕೆಟ್ಟರೆ ಟ್ಯಾಂಕಿನಲ್ಲಿ ಏನಾಗುತ್ತದೆ? ಇಷ್ಟು ವರ್ಷದಲ್ಲಿ ಇದು ತನ್ನೊಳಗೆ ಏನನ್ನು ಹೀರಿಕೊಂಡಿದೆ? ಸ್ಕಿಮ್ಮರ್ ಕೆಟ್ಟರೆ ಒಂದು ವಾರ ಪರದಾಡಿ ಸರಿಪಡಿಸಬಹುದು. ಹೀಟರ್ ಕೆಟ್ಟರೆ ಒಂದೇ ರಾತ್ರಿಯಲ್ಲಿ ಎಲ್ಲವೂ ಬೆಂದುಹೋಗುತ್ತದೆ. ಗಾಜು ಏನನ್ನೂ ಹೀರಿಕೊಳ್ಳುವುದಿಲ್ಲ, ಕಲ್ಲು ಎಲ್ಲವನ್ನೂ ಹೀರಿಕೊಳ್ಳುತ್ತದೆ. ವಸ್ತು ಎಷ್ಟು ಹಳೆಯದು, ನೋಡಲು ಎಷ್ಟು ಹೊಳೆಯುತ್ತದೆ ಎಂಬುದೆಲ್ಲ ಇದಾದ ಮೇಲಿನ ಮಾತು.

ನಿಮ್ಮ ಅದೃಷ್ಟ, ಟ್ಯಾಂಕ್ ಇನ್ನೂ ಓಡುತ್ತಿದೆ. ಬಿಚ್ಚಿ ಮೂಲೆಗಿಟ್ಟ ಸೆಟ್ಟಿನಲ್ಲಿ ಅರ್ಧದಷ್ಟು ಪರೀಕ್ಷೆ ಮಾಡಲು ಆಗುವುದೇ ಇಲ್ಲ. ಆದ್ದರಿಂದ ಮಾರುವವರಿಗೆ ಮೊದಲೇ ಹೇಳಿಬಿಡಿ: ನಾನು ಬಂದು ನೋಡುವವರೆಗೆ ಏನನ್ನೂ ಬಿಚ್ಚಬೇಡಿ, ತೊಳೆಯಲೂ ಬೇಡಿ. ಹೋಗುವಾಗ ಟಾರ್ಚ್, ನೇರವಾದ ಲೋಹದ ಅಳತೆಪಟ್ಟಿ, ಮಟ್ಟ ನೋಡುವ ಉಪಕರಣ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್, ಒಂದು ಥರ್ಮಾಮೀಟರ್, 10 ಲೀಟರ್ ಗುರುತಿರುವ ಬಕೆಟ್ ಜೊತೆಯಲ್ಲಿರಲಿ.

ತಾಮ್ರದ ವಿಷಯ ಮೊದಲು

ಬೇರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಇದು: ಈ ಟ್ಯಾಂಕಿಗೆ ಎಂದಾದರೂ ತಾಮ್ರದ ಔಷಧಿ ಹಾಕಿದ್ದಿರಾ? ಬಿಳಿಚುಕ್ಕೆ ರೋಗಕ್ಕೆ ಕಾರಣವಾದ ಕ್ರಿಪ್ಟೋಕ್ಯಾರಿಯಾನ್, ವೆಲ್ವೆಟ್ ರೋಗದ ಅಮೈಲೋಡಿನಿಯಂ ಎರಡಕ್ಕೂ ತಾಮ್ರವೇ ಹಳೆಯ ಮದ್ದು. ಅಯಾನಿಕ್ ತಾಮ್ರವಾದರೆ ಲೀಟರಿಗೆ ಸುಮಾರು 0.15ರಿಂದ 0.20 ಮಿ.ಗ್ರಾಂ, ಕೀಲೇಟ್ ಮಾಡಿದ (ಬೇರೆ ಅಣುಗಳಿಗೆ ಕಟ್ಟಿಹಾಕಿದ) ಬಗೆಯಾದರೆ 2ರಿಂದ 2.5 ಮಿ.ಗ್ರಾಂವರೆಗೆ ವಾರಗಟ್ಟಲೆ ಇಡುತ್ತಾರೆ. ಮೀನು ಇದನ್ನು ತಡೆದುಕೊಳ್ಳುತ್ತದೆ. ಹವಳ, ಸೀಗಡಿ, ಬಸವನಹುಳುಗಳು ತಡೆದುಕೊಳ್ಳುವುದಿಲ್ಲ.

ಕಷ್ಟ ಎಲ್ಲಿ ಬರುತ್ತದೆಂದರೆ, ತಾಮ್ರ ಸುಣ್ಣದಂಶವಿರುವ ಕಲ್ಲು ಮತ್ತು ಮರಳಿಗೆ ಅಂಟಿಕೊಂಡು, ಮುಂದೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ನೀರಿಗೆ ಬಿಡುತ್ತಿರುತ್ತದೆ. ತಾಮ್ರ ಕಂಡ ಕಲ್ಲು ಮರಳನ್ನು ರೀಫ್ ಟ್ಯಾಂಕಿಗೆ ತರಲೇಬೇಡಿ, ಪುಕ್ಕಟೆ ಕೊಟ್ಟರೂ. ಗಾಜಿನ ಟ್ಯಾಂಕನ್ನು ಮಾತ್ರ ಉಳಿಸಿಕೊಳ್ಳಬಹುದು. ಗಾಜಿನ ಮೇಲೆ ಕೂತ ಸುಣ್ಣದ ಪದರವನ್ನು ವಿನೆಗರ್ ಅಥವಾ ಸಿಟ್ರಿಕ್ ಆಮ್ಲದಿಂದ ಪೂರ್ತಿ ಕರಗಿಸಿ ಹೊರಹಾಕಬೇಕು, ಒಳಗಿನ ಪಟ್ಟಿಯ ಸಿಲಿಕೋನ್ ಕಿತ್ತು ಹೊಸದು ಹಾಕಿದರೆ ಇನ್ನೂ ನಿಶ್ಚಿಂತೆ. ಆಮೇಲೆ ಉಪ್ಪುನೀರು ತುಂಬಿ ಒಂದು ವಾರ ಬಿಟ್ಟು ತಾಮ್ರ ಪರೀಕ್ಷಿಸಿ. ಹವ್ಯಾಸಿಗಳ ಕಿಟ್ ಸೊನ್ನೆ ತೋರಿಸಿದರೆ ಅದು ಒರಟು ಅಂದಾಜಷ್ಟೇ. ಕಿಟ್ಟಿನ ಕಣ್ಣಿಗೆ ಬೀಳದಷ್ಟು ತಾಮ್ರವೂ ಅಕಶೇರುಕಗಳಿಗೆ ತೊಂದರೆ ಕೊಡಬಲ್ಲದು. ಅನುಮಾನ ಉಳಿದರೆ ಪ್ರಯೋಗಾಲಯದಲ್ಲಿ ಲೋಹಗಳನ್ನು ಸೂಕ್ಷ್ಮವಾಗಿ ಅಳೆಯುವ ಐಸಿಪಿ ಪರೀಕ್ಷೆಗೆ ನೀರಿನ ಮಾದರಿ ಕಳಿಸಿ.

ಮಾರುವವರಿಗೆ ನೆನಪಿಲ್ಲದಿದ್ದರೆ ಟ್ಯಾಂಕೇ ಸುಳಿವು ಕೊಡುತ್ತದೆ. ಒಳಗೆ ಹವಳ, ಬಸವನಹುಳು, ಸೀಗಡಿ ಬಹುಕಾಲದಿಂದ ಆರೋಗ್ಯವಾಗಿದ್ದರೆ ತಾಮ್ರದ ಚಿಂತೆ ಬಹುಪಾಲು ತೀರಿದಂತೆ. ನೀವು ಹೇಳಿದಂತೆ ಮೀನು ಮಾತ್ರ ಉಳಿದಿದ್ದರೆ, ಉಳಿದವು ಎಲ್ಲಿ ಹೋದವು ಎಂದು ಕೇಳಿ. ಮೊದಲೇ ಮಾರಿದರೋ, ಸತ್ತವೋ? ಸಿಲಿಕೋನ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಮೀಥೈಲೀನ್ ಬ್ಲೂದಂಥ ಔಷಧಿ ಬಿದ್ದಿರುವ ಸಾಧ್ಯತೆಯಿದೆ. ಮೀಥೈಲೀನ್ ಬ್ಲೂ ತಾಮ್ರವಲ್ಲ, ಆದರೆ ಪ್ರದರ್ಶನದ ಟ್ಯಾಂಕಿನಲ್ಲೇ ಚಿಕಿತ್ಸೆ ಮಾಡುವ ಅಭ್ಯಾಸ ಇತ್ತೆಂಬುದು ಅದರಿಂದ ಗೊತ್ತಾಗುತ್ತದೆ.

ಗಾಜು, ಸಿಲಿಕೋನ್, ಸ್ಟ್ಯಾಂಡ್

ಏಳು ವರ್ಷ ಗಾಜಿನ ಟ್ಯಾಂಕಿಗೆ ಹೆಚ್ಚೇನಲ್ಲ. ಆದರೂ ನಾಲ್ಕೂ ಮೂಲೆಗಳನ್ನು ಟಾರ್ಚ್ ಹಾಕಿ ಓರೆಯಾಗಿ ನೋಡಿ. ಎರಡು ಗಾಜುಗಳ ನಡುವಿನ ತೆಳು ಸಿಲಿಕೋನ್ ಪದರವೇ ಟ್ಯಾಂಕನ್ನು ಹಿಡಿದಿಡುವುದು. ಒಳಮೂಲೆಯಲ್ಲಿ ಕಾಣುವ ದಪ್ಪ ಪಟ್ಟಿ ಅದಕ್ಕೆ ರಕ್ಷಣೆ ಮಾತ್ರ. ಒಳಪಟ್ಟಿ ಅಲ್ಲಲ್ಲಿ ಬ್ಲೇಡ್ ತಾಗಿ ಹರಿದಿದ್ದರೆ ಗಾಬರಿ ಬೇಡ. ಆದರೆ ನಡುವಿನ ಪದರದಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ತೇಪೆಗಳು ಕಂಡರೆ ಅಲ್ಲಿ ಸಿಲಿಕೋನ್ ಗಾಜನ್ನು ಬಿಟ್ಟಿದೆ ಎಂದರ್ಥ. ಆ ತೇಪೆ ಅಂಚಿನಿಂದ ಅಂಚಿಗೆ ಸಾಗಿದ್ದರೆ ಟ್ಯಾಂಕ್ ಬೇಡ. ಹೊರಗಡೆ ಕೀಲಿನ ಕೆಳಗೆ ಬಿಳಿ ಉಪ್ಪಿನ ಗೆರೆಯಿದ್ದರೆ ಅದು ಮೇಲಿನಿಂದ ಚೆಲ್ಲಿದ್ದೋ ಒಳಗಿನಿಂದ ಜಿನುಗಿದ್ದೋ ತಿಳಿಯಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಳಿದ ಪರೀಕ್ಷೆಗಳನ್ನೆಲ್ಲ ಮುಗಿಸಿ ಮರಳಿ ಬಂದು ಬೆರಳಿಟ್ಟು ನೋಡಿ.

ಮುಂಭಾಗದ ಗಾಜಿಗೆ ಅಳತೆಪಟ್ಟಿ ಆನಿಸಿ ಎಷ್ಟು ಉಬ್ಬಿದೆ ನೋಡಿ. ನೀರಿನ ಒತ್ತಡ ಎತ್ತರವನ್ನು ಅವಲಂಬಿಸಿದೆ, ಪ್ರಮಾಣವನ್ನಲ್ಲ. ಹಾಗಾಗಿ 45 ಸೆಂ.ಮೀ. ಎತ್ತರದ ಟ್ಯಾಂಕಿಗೆ ಒಪ್ಪುವ ಗಾಜು 60 ಸೆಂ.ಮೀ.ಗೆ ಸಾಲದು. ನಿಮ್ಮ ಅಳತೆಯಲ್ಲಿ ಮೇಲೆ ಚೌಕಟ್ಟೂ ಅಡ್ಡಪಟ್ಟಿಯೂ ಇಲ್ಲದ ರಿಮ್‌ಲೆಸ್ ಟ್ಯಾಂಕ್ ಆದರೆ 10 ಮಿ.ಮೀ. ಗಾಜು ಇರಲಿ. ರಿಮ್‌ಲೆಸ್ ಆಗಿದ್ದೂ 6 ಮಿ.ಮೀ. ಇದ್ದರೆ ಬಿಟ್ಟುಬಿಡಿ. ಅಂಚಿನಲ್ಲಿ ಚಿಪ್ಪೆದ್ದ ಗಾಜು ಕೆಲವೊಮ್ಮೆ ಚೆನ್ನಾಗಿಯೇ ಇರುತ್ತದೆ, ಆದರೆ ಚಿಪ್ಪಿನಿಂದ ಕೂದಲೆಳೆಯಂಥ ಗೆರೆ ಹೊರಟಿದ್ದರೆ ಅದು ಇಂದಲ್ಲ ನಾಳೆ ಮುಂದುವರಿಯುತ್ತದೆ. ಗೀರುಗಳು ಅಂದಕ್ಕೆ ಕೇಡು, ಅಪಾಯವಿಲ್ಲ. ಒಳಗಿನ ಗೀರಿನಲ್ಲಿ ಕೋರಲೈನ್ ಪಾಚಿ ಕೂತು ಇನ್ನಷ್ಟು ಎದ್ದುಕಾಣುತ್ತದೆ ಅಷ್ಟೆ. ಅಕ್ರಿಲಿಕ್ ಟ್ಯಾಂಕ್ ಆಗಿದ್ದರೆ ಕೀಲುಗಳ ಬಳಿ ಜೇಡನ ಬಲೆಯಂಥ ನವುರು ಬಿರುಕು ಹುಡುಕಿ, ಅದನ್ನು ಸರಿಮಾಡಲಾಗದು.

ಸೋರುವ ಟ್ಯಾಂಕಿಗೆ ಹಳೆಯ ಸಿಲಿಕೋನ್ ಮೇಲೆ ಹೊಸದು ಬಳಿದು ಕೊಡುವವರಿದ್ದಾರೆ. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಅಂಟುವುದಿಲ್ಲ. ಒಳಪಟ್ಟಿಯನ್ನು ಪೂರ್ತಿ ಕೆರೆದು ತೆಗೆದು, ಗಾಜನ್ನು ಅಸಿಟೋನ್‌ನಲ್ಲಿ ಒರೆಸಿ, ಬೂಷ್ಟುನಿರೋಧಕ ಬೆರೆಸದ ಸಿಲಿಕೋನನ್ನು ಒಂದೇ ಬಾರಿಗೆ ಎಳೆದು, ಕಡೇಪಕ್ಷ ಒಂದು ವಾರ ಒಣಗಲು ಬಿಡಬೇಕು. ತೇಪೆ ಹಾಕಿದ್ದು ಕಂಡರೆ ಬೆಲೆಯ ಚೌಕಾಸಿ ಅಲ್ಲಿಂದಲೇ ಶುರುವಾಗಲಿ.

ಮನೆಗೆ ತಂದ ಮೇಲೆ ಸೋರಿಕೆ ಪರೀಕ್ಷೆ ತಪ್ಪಿಸಬೇಡಿ. ಓಡುತ್ತಿದ್ದ ಟ್ಯಾಂಕ್ ಕೂಡ ಸಾಗಣೆಯಲ್ಲಿ ತಿರುಚಿಕೊಂಡು ಕೀಲು ಬಿಡಬಹುದು. ಸ್ಟ್ಯಾಂಡನ್ನು ಮಟ್ಟ ಮಾಡಿ, ಅದರ ಮೇಲೆಯೇ ಟ್ಯಾಂಕ್ ಇಟ್ಟು, ಕೆಳಗೆ ಸುತ್ತಲೂ ಕಾಗದ ಹಾಸಿ, ಮೂರನೇ ಒಂದರಷ್ಟು ಸಿಹಿನೀರು ತುಂಬಿ ಕೆಲವು ಗಂಟೆ ಕಾಯಿರಿ. ಆಮೇಲೆ ಇನ್ನೊಂದು ಪಾಲು, ಕೊನೆಗೆ ಪೂರ್ತಿ. ತುಂಬಿದ ಮೇಲೆ 48ರಿಂದ 72 ಗಂಟೆ ಬಿಡಿ. ತಳಕ್ಕೆ ಫೋಮ್ ಹಾಳೆ ಹಾಸುವ ಬಗ್ಗೆ ಒಂದು ಮಾತು: ತಳದ ಗಾಜು ನೇರವಾಗಿ ಸ್ಟ್ಯಾಂಡ್ ಮೇಲೆ ಕೂರುವ ಟ್ಯಾಂಕಿಗೆ ಅದು ಬೇಕು. ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ನಿಲ್ಲುವ ಟ್ಯಾಂಕಿಗೆ ಹಾಕಬಾರದು, ಫೋಮ್ ತಳದ ಗಾಜನ್ನು ಮೇಲಕ್ಕೊತ್ತುತ್ತದೆ.

ಸ್ಟ್ಯಾಂಡಿನ ಲೆಕ್ಕವನ್ನು ಹಗುರವಾಗಿ ನೋಡುವವರೇ ಹೆಚ್ಚು. 182 ಲೀಟರ್ ಉಪ್ಪುನೀರೇ 187 ಕಿಲೋ. ಗಾಜು ಸುಮಾರು 40 ಕಿಲೋ. ಕಲ್ಲು, ಮರಳು, ತುಂಬಿದ ಸಂಪ್ ಸೇರಿಸಿದರೆ ಒಟ್ಟು 300 ಕಿಲೋ ದಾಟುತ್ತದೆ. ಒತ್ತಿದ ಮರದಪುಡಿ ಹಲಗೆಯ ಸ್ಟ್ಯಾಂಡ್ ಆಗಿದ್ದರೆ ಬಾಗಿಲು ತೆಗೆದು ಕೆಳಗಿನ ಅಂಚು, ಸಂಪ್ ಇಟ್ಟ ಜಾಗ, ಹಿಂಬದಿಯ ಮೂಲೆಗಳನ್ನು ಉಗುರಿನಿಂದ ಒತ್ತಿ. ಒಮ್ಮೆ ನೀರು ಕುಡಿದು ಉಬ್ಬಿದ ಹಲಗೆಗೆ ಮತ್ತೆ ಬಲ ಬರುವುದಿಲ್ಲ. ಕಬ್ಬಿಣದ್ದಾದರೆ ಬೆಸುಗೆಯ ಜಾಗದಲ್ಲಿ ತುಕ್ಕು ಪದರಪದರವಾಗಿ ಏಳುತ್ತಿದೆಯೇ ನೋಡಿ. ಮೇಲ್ಮೈ ತುಕ್ಕಿಗೆ ಬಣ್ಣ ಸಾಕು.

ಪಂಪು, ವೇವ್‌ಮೇಕರ್, ಸ್ಕಿಮ್ಮರ್

ರಿಟರ್ನ್ ಪಂಪನ್ನು ಓಡುವಾಗ ಕೇಳಿದರೆ ಸಾಲದು. ಐದಾರು ಸಲ ಆರಿಸಿ ಹಚ್ಚಿ. ಸವೆದ ಪಂಪು ತಿಂಗಳುಗಟ್ಟಲೆ ನಿಲ್ಲದೆ ಓಡುತ್ತದೆ, ಒಮ್ಮೆ ಕರೆಂಟು ಹೋಗಿ ಬಂದಾಗ ಮಾತ್ರ ಏಳುವುದಿಲ್ಲ. ಆಮೇಲೆ ಹರಿವು ಅಳೆಯಿರಿ. ರಿಟರ್ನ್ ಕೊಳವೆಯ ಬಾಯಿಗೆ, ಅದೇ ಎತ್ತರದಲ್ಲಿ, 10 ಲೀಟರ್ ಬಕೆಟ್ ಹಿಡಿದು ಸೆಕೆಂಡು ಎಣಿಸಿ. 40 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 900 ಲೀಟರ್, ಅಂದರೆ ಟ್ಯಾಂಕಿನ ನೀರು ಗಂಟೆಗೆ ಐದು ಸಲ ಸಂಪಿನ ಮೂಲಕ ತಿರುಗುತ್ತದೆ. ಅಷ್ಟು ಸಾಕು. ಡಬ್ಬಿಯ ಮೇಲೆ ಬರೆದ ಅಂಕಿ ಎತ್ತರವೇ ಇಲ್ಲದಾಗಿನದು, ಅದನ್ನು ಹಿಡಿದು ವಾದಿಸಬೇಡಿ.

ಪಂಪು ಬಿಚ್ಚಿ ಇಂಪೆಲ್ಲರ್ ಹೊರತೆಗೆಯಲು ಕೇಳಿ. ಸೆರಾಮಿಕ್ ದಂಡ ಮುರಿದಿದೆಯೇ, ಎರಡೂ ತುದಿಯ ರಬ್ಬರ್ ಬುಷ್ ಇದೆಯೇ ನೋಡಿ. ಮುಖ್ಯವಾದದ್ದು ಮ್ಯಾಗ್ನೆಟ್. ಅದರ ಮೇಲಿನ ಪ್ಲಾಸ್ಟಿಕ್ ಅಥವಾ ಎಪಾಕ್ಸಿ ಹೊದಿಕೆ ಬಿರಿದು ಉಬ್ಬಿದ್ದರೆ, ಒಳಗೆ ತುಕ್ಕು ಕಂಡರೆ, ಆ ಪಂಪನ್ನು ಒಂದು ದಿನವೂ ಟ್ಯಾಂಕಿನಲ್ಲಿ ಇಡಬಾರದು. ಉಬ್ಬಿದ ಮ್ಯಾಗ್ನೆಟ್ ಗೋಡೆಗೆ ಉಜ್ಜಿ ಶಬ್ದ ಮಾಡುವುದು ಸಣ್ಣ ತೊಂದರೆ. ತುಕ್ಕಿನ ಜೊತೆ ಮ್ಯಾಗ್ನೆಟ್ಟಿನ ಲೋಹಗಳೂ ನೀರಿಗಿಳಿಯುವುದು ದೊಡ್ಡ ತೊಂದರೆ. ಕಾರಣ ತಿಳಿಯದೆ ಹವಳ ಕಂಗೆಡುವ ಟ್ಯಾಂಕುಗಳಲ್ಲಿ ಮೊದಲು ಹುಡುಕಬೇಕಾದ ಜಾಗ ಇದೇ. ವೇವ್‌ಮೇಕರ್‌ಗಳಿಗೂ ಇದೇ ಪರೀಕ್ಷೆ. ಗಾಜನ್ನು ಹಿಡಿದುಕೊಳ್ಳುವ ಮ್ಯಾಗ್ನೆಟ್ಟನ್ನು ಮರೆಯಬೇಡಿ, ಅದೂ ಉಬ್ಬುತ್ತದೆ. ಮೋಟಾರು ಹೊರಗಿದ್ದು ಗಾಜಿನ ಮೂಲಕ ತಿರುಗಿಸುವ ವೋರ್‌ಟೆಕ್ ಮಾದರಿಯಾದರೆ ನಿಮ್ಮ ಗಾಜಿನ ದಪ್ಪ ಅದರ ಮಿತಿಯೊಳಗಿದೆಯೇ ಎಂದು ನೋಡಿ, ಒದ್ದೆ ಭಾಗವನ್ನು ಹೊಸದಾಗಿ ಹಾಕುವ ಖರ್ಚನ್ನು ಬೆಲೆಗೆ ಸೇರಿಸಿ.

ಡಿಸಿ ಪಂಪುಗಳಲ್ಲಿ ಕಂಟ್ರೋಲರ್ ಮತ್ತು ಅಡಾಪ್ಟರ್ ಪಂಪಿನಷ್ಟೇ ಮುಖ್ಯ. ಬೇರೆ ಕಂಪನಿಯದು ಹೊಂದುವುದು ಅಪರೂಪ. ತಯಾರಕರು ಆ ಮಾದರಿ ನಿಲ್ಲಿಸಿದ್ದರೆ, ಇಂಪೆಲ್ಲರ್ ಸಿಗದಿದ್ದರೆ, ಚೆನ್ನಾಗಿ ಓಡುತ್ತಿರುವ ಪಂಪಿಗೂ ನಾನು ಹೆಚ್ಚು ಬೆಲೆ ಕಟ್ಟುವುದಿಲ್ಲ. ಸ್ವಲ್ಪ ಹೆಚ್ಚು ಕರೆಂಟು ತಿನ್ನುವ ಹಳೆಯ ಎಸಿ ಪಂಪು, ಬಿಡಿಭಾಗ ಸಿಗುವಂಥದ್ದು, ಆರಂಭಿಕರಿಗೆ ಅದಕ್ಕಿಂತ ಮೇಲು.

ಸ್ಕಿಮ್ಮರ್ ಬಳಸಿದ್ದೇ ಕೊಳ್ಳಿ. ಕೆಡುವಂಥದ್ದು ಅದರಲ್ಲಿ ಪಂಪು ಒಂದೇ. ಅಕ್ರಿಲಿಕ್ ಕೀಲುಗಳಲ್ಲಿ ಬಿರುಕಿಲ್ಲ, ನೊರೆ ಸಂಗ್ರಹವಾಗುವ ಕಪ್‌ನ ಒ-ರಿಂಗ್ ಗಟ್ಟಿಯಾಗಿಲ್ಲ, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ನೀಡಲ್ ವೀಲ್‌ನ ಕಡ್ಡಿಗಳು ಮುರಿದಿಲ್ಲ ಎಂದಾದರೆ ಮುಗಿಯಿತು. ಗಾಳಿ ಕಡಿಮೆ ಎಳೆಯುತ್ತಿದ್ದರೆ ಬಹಳ ಸಲ ಗಾಳಿಕೊಳವೆಯ ತುದಿಯಲ್ಲಿ ಉಪ್ಪು ಕಟ್ಟಿಕೊಂಡಿರುತ್ತದೆ, ಬಿಸಿನೀರಿಗೆ ಕರಗುತ್ತದೆ. ಒಂದು ಎಚ್ಚರಿಕೆ: ಸಿಹಿನೀರಿನ ಬಕೆಟಿನಲ್ಲಿಟ್ಟು ನೊರೆ ಬರಲಿಲ್ಲ ಎಂದು ತಿರಸ್ಕರಿಸಬೇಡಿ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ನವುರಾದ ನೊರೆ ಉಪ್ಪುನೀರಿನಲ್ಲೇ ನಿಲ್ಲುವುದು. ಡಬ್ಬಿಯ ಮೇಲಿನ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿ ಓದಿ. 400 ಲೀಟರಿಗೆಂದು ಬರೆದದ್ದು ನಿಮ್ಮ 180ಕ್ಕೆ ಸರಿಹೋಗುತ್ತದೆ. ಸಂಪಿನೊಳಗೆ ಅದು ಕೂರುವ ಜಾಗದ ಉದ್ದ ಅಗಲ ಮತ್ತು ಅದಕ್ಕೆ ಬೇಕಾದ ನೀರಿನ ಆಳ ಎರಡನ್ನೂ ಅಳೆದುಕೊಳ್ಳಿ.

ಬೆಳಕು

ಎಲ್‌ಇಡಿಯನ್ನು ಒಂದೊಂದೇ ಬಣ್ಣದ ಚಾನೆಲ್ ಮಾಡಿ ಪೂರ್ತಿ ಹೊಳಪಿನಲ್ಲಿ ಉರಿಸಿ. ಎಲ್ಲ ಬಣ್ಣ ಒಟ್ಟಿಗೆ ಉರಿಯುವಾಗ ಸತ್ತ ಡಯೋಡ್ ಕಾಣುವುದಿಲ್ಲ. ಕಣ್ಣಿಟ್ಟು ನೋಡದೆ ಫೋನಿನ ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ ತಗ್ಗಿಸಿ ಫೋಟೋ ತೆಗೆಯಿರಿ. ಅರ್ಧ ಗಂಟೆ ಹಾಗೆಯೇ ಬಿಟ್ಟು ಫ್ಯಾನ್ ತಿರುಗುತ್ತಿದೆಯೇ, ಬೆಳಕು ತಾನಾಗಿ ತಗ್ಗುತ್ತಿದೆಯೇ ಗಮನಿಸಿ. ಫ್ಯಾನ್ ನಿಂತರೆ ಲೈಟು ಬಿಸಿಯೇರಿ ತನ್ನನ್ನು ಕಾಪಾಡಿಕೊಳ್ಳಲು ಮಂದವಾಗುತ್ತದೆ. ಫ್ಯಾನ್ ಬದಲಿಸುವುದು ಸುಲಭ. ತಂತಿ ಸೇರುವ ಜಾಗದಲ್ಲಿ ಹಸಿರು ಕಿಲುಬು ಹತ್ತಿದ್ದರೆ ಮಾತ್ರ ಉಪ್ಪು ಒಳಗೆ ಹೋಗಿದೆ ಎಂದು ತಿಳಿದು ಬಿಟ್ಟುಬಿಡಿ.

ಆ್ಯಪ್‌ನಿಂದ ನಡೆಯುವ ಲೈಟಾದರೆ ಹಳೆಯ ಮಾಲೀಕರ ಖಾತೆಯಿಂದ ಅದನ್ನು ನಿಮ್ಮೆದುರೇ ತೆಗೆಸಿ, ಫ್ಯಾಕ್ಟರಿ ರಿಸೆಟ್ ಮಾಡಿಸಿ, ನಿಮ್ಮ ಫೋನಿಗೆ ಸೇರಿಸಿ ನೋಡಿ. ಹಣ ಕೊಡುವುದು ಅದಾದ ಮೇಲೆ. ಆ್ಯಪ್ ಈಗಿನ ಫೋನುಗಳಲ್ಲಿ ಓಡದಂಥ ಹಳೆಯ ಮಾದರಿಗಳಿವೆ; ಕೈಯಿಂದ ನಡೆಸುವ ಗುಂಡಿಯೂ ಇಲ್ಲದಿದ್ದರೆ ಅಂಥದ್ದು ಬೇಡ. ದಿನಕ್ಕೆ 10 ಗಂಟೆಯ ಲೆಕ್ಕದಲ್ಲಿ ಐದು ವರ್ಷಕ್ಕೆ 18,250 ಗಂಟೆ ಉರಿದಿರುತ್ತದೆ. ಎಲ್‌ಇಡಿಗೆ ಅದು ಮುಪ್ಪಲ್ಲ. ಮೃದು ಹವಳಗಳಿಗೆ ಪಾರ್ ಮೌಲ್ಯ (ಹವಳಕ್ಕೆ ಸಿಗುವ ಬೆಳಕಿನ ಅಳತೆ) 50ರಿಂದ 150 ಸಾಕು, ಅಕ್ರೊಪೋರಾದಂಥ ಎಸ್‌ಪಿಎಸ್ (ಸಣ್ಣ ಪಾಲಿಪ್‌ಗಳ ಗಟ್ಟಿ) ಹವಳಗಳಿಗೆ 200ರಿಂದ 350 ಬೇಕು. ಮೃದು ಹವಳಗಳಿಂದ ಶುರುಮಾಡುವ ಮೊದಲ ಟ್ಯಾಂಕಿಗೆ ಹಳೆಯ ಎಲ್‌ಇಡಿ ಸಾಕೆನ್ನುವುದು ಇದೇ ಕಾರಣಕ್ಕೆ. ಟಿ5 ಟ್ಯೂಬು ಅಥವಾ ಮೆಟಲ್ ಹ್ಯಾಲೈಡ್ ಬಲ್ಬುಗಳನ್ನು ವರ್ಷಕ್ಕೊಮ್ಮೆ ಬದಲಿಸಬೇಕಾದ್ದರಿಂದ ಅವುಗಳ ಜೊತೆ ಬಂದ ಹಳೆಯ ಬಲ್ಬುಗಳ ಬೆಲೆ ಸೊನ್ನೆ.

ಹೀಟರ್ ಮತ್ತು ಚಿಲ್ಲರ್

ಬಳಸಿದ ಹೀಟರ್ ಬೇಡ. ಪುಕ್ಕಟೆ ಬಂದರೆ ಉಪ್ಪುನೀರು ಬೆರೆಸುವ ಡ್ರಮ್ಮಿಗೆ ಇಟ್ಟುಕೊಳ್ಳಿ. ಥರ್ಮೋಸ್ಟಾಟಿನ ಸಂಪರ್ಕ ಬಿಂದುಗಳು ಸಾವಿರಾರು ಸಲ ಕಿಡಿ ಹಾರಿಸಿ ಸವೆದು, ಒಂದು ದಿನ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಹೀಟರ್ ಆರುವುದೇ ಇಲ್ಲ. ಆ ದಿನ ಹತ್ತಿರವಿದೆಯೇ ಎಂದು ಹೊರಗಿನಿಂದ ನೋಡಿ ಹೇಳುವ ಯಾವ ಪರೀಕ್ಷೆಯೂ ಇಲ್ಲ. ಹೊಸದಾಗಿ ಎರಡು ಸಣ್ಣ ಹೀಟರ್ ಕೊಂಡು, ಎರಡನ್ನೂ ಹೊರಗಿನ ಉಷ್ಣತಾ ನಿಯಂತ್ರಕಕ್ಕೆ ಜೋಡಿಸಿ 25-26 ಡಿಗ್ರಿ ಸೆಲ್ಸಿಯಸ್‌ಗೆ ಇಡಿ. ಒಂದೊಂದರ ಶಕ್ತಿಯೂ ಒಂಟಿಯಾಗಿ ಟ್ಯಾಂಕನ್ನು ಬೇಯಿಸಲಾರದಷ್ಟು ಕಡಿಮೆ ಇರಲಿ. 180 ಲೀಟರಿಗೆ 100 ವ್ಯಾಟಿನ ಎರಡು ಸಾಮಾನ್ಯವಾಗಿ ಸಾಕಾಗುತ್ತವೆ.

ಚಿಲ್ಲರ್ ಹೊಸದಾದರೆ ದುಬಾರಿ, ಹಾಗಾಗಿ ಬಳಸಿದ್ದರ ಆಸೆ ಸಹಜ. ಅದನ್ನು ಅಳೆದೇ ಕೊಳ್ಳಬಹುದು. ದೊಡ್ಡ ಡ್ರಮ್ಮಿನಲ್ಲಿ 50 ಲೀಟರ್ ನೀರು ತುಂಬಿ ಪಂಪಿನ ಮೂಲಕ ಚಿಲ್ಲರಿಗೆ ಸುತ್ತಿಸಿ. 50 ಲೀಟರನ್ನು ಒಂದು ಡಿಗ್ರಿ ಇಳಿಸಲು ಸುಮಾರು 209 ಕಿಲೋಜೂಲ್ ಶಾಖ ತೆಗೆಯಬೇಕು. ತಂಪು ಮಾಡುವ ಸಾಮರ್ಥ್ಯ 250 ವ್ಯಾಟ್ ಎಂದಿದ್ದರೆ ಡಿಗ್ರಿಗೆ 14 ನಿಮಿಷ ಹಿಡಿಯಬೇಕು. ಪಂಪಿನ ಬಿಸಿ, ಸುತ್ತಲಿನ ಗಾಳಿಯ ಬಿಸಿ ಸೇರಿ 20 ನಿಮಿಷವಾದರೂ ಒಪ್ಪಬಹುದು. 40 ನಿಮಿಷ ಹಿಡಿದರೆ ಒಂದೋ ಹಿಂದಿನ ಜಾಲರಿಯಲ್ಲಿ ಧೂಳು ತುಂಬಿದೆ, ಇಲ್ಲವೇ ಒಳಗಿನ ಶೀತಕ ಅನಿಲ ಸೋರಿದೆ. ಧೂಳು ಹೊಡೆದು ಮತ್ತೊಮ್ಮೆ ಅಳೆಯಿರಿ. ಇಲ್ಲಿ ನೋಡಬೇಕಾದದ್ದು ಕಂಪ್ರೆಸರಿಗೆ ಹೋಗುವ ವಿದ್ಯುತ್ತಿನ ವ್ಯಾಟನ್ನಲ್ಲ, ತಂಪಿನ ಸಾಮರ್ಥ್ಯವನ್ನು. ನೀರು ತಾಗುವ ಸುರುಳಿ ಟೈಟಾನಿಯಂ ಎಂದು ಖಚಿತಪಡಿಸಿಕೊಳ್ಳಿ.

ಆರ್‌ಒ, ಮೀಟರ್, ಕಿಟ್

ಆರ್‌ಒ ಘಟಕದ ಹೊರಕವಚ, ಒತ್ತಡಮಾಪಕ, ಬೂಸ್ಟರ್ ಪಂಪ್ ಹಳೆಯದಿರಲಿ. ಮೆಂಬ್ರೇನ್, ಕಾರ್ಬನ್, ಸೆಡಿಮೆಂಟ್, ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರುವ ಹರಳು) ಎಲ್ಲವನ್ನೂ ಹೊಸದು ಹಾಕುವ ಲೆಕ್ಕದಲ್ಲೇ ಬೆಲೆ ಕಟ್ಟಿ. ಘಟಕ ಓಡುತ್ತಿದ್ದರೆ ಟಿಡಿಎಸ್ ಮೀಟರ್ ಹಿಡಿಯಿರಿ: ಒಳಬರುವ ನೀರು 200 ಇದ್ದರೆ ಮೆಂಬ್ರೇನ್ ದಾಟಿದ್ದು 10ಕ್ಕಿಂತ ಕಡಿಮೆ, ಡಿಐ ದಾಟಿದ್ದು 0 ಇರಬೇಕು. ತಿಂಗಳುಗಟ್ಟಲೆ ಒಣಗಿದ ಮೆಂಬ್ರೇನನ್ನು ನಂಬಬೇಡಿ.

ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಹಳೆಯದಾದರೂ ಪರವಾಗಿಲ್ಲ, 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ಮಾನಕ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ. ಶುದ್ಧ ನೀರಿನಲ್ಲಿ ಸೊನ್ನೆಗೆ ತಂದದ್ದು 35ರ ಹತ್ತಿರ ತಪ್ಪು ತೋರಿಸಬಹುದು. ಟೆಸ್ಟ್ ಕಿಟ್‌ಗಳ ತಾರೀಕು ನೋಡಿ, ಬಹುಪಾಲು ಎಸೆಯುವಂಥವೇ ಇರುತ್ತವೆ. ಡಿಜಿಟಲ್ ಚೆಕರ್ ಇದ್ದರೆ ಇಟ್ಟುಕೊಂಡು ರಾಸಾಯನಿಕ ಹೊಸದು ತರಿಸಿ. ಪಿಎಚ್ ಪ್ರೋಬ್ ಒಂದೂವರೆ ವರ್ಷದ ಸಾಮಾನು. ಒಣಗಿಸಿಟ್ಟದ್ದಾದರೆ ಅದಕ್ಕೆ ಹಣ ಕೊಡಬೇಡಿ. ಗಟ್ಟಿಕಟ್ಟಿದ ಅರ್ಧ ಚೀಲ ಉಪ್ಪು, ಬಳಸಿದ ಕಾರ್ಬನ್, ಯುವಿ ದೀಪ, ಉಪ್ಪು ಹಿಡಿದ ಪ್ಲಗ್ ಬೋರ್ಡ್ ಎಲ್ಲ ಅಲ್ಲೇ ಇರಲಿ.

ಕಲ್ಲು ಮತ್ತು ಮರಳು

ಮರಳು ಬೇಡ. ಏಳು ವರ್ಷದ ಮಲ, ಕೊಳೆತ ಆಹಾರ ಅದರ ಕೆಳಪದರದಲ್ಲಿದೆ. ಕದಡಿದರೆ ಅಮೋನಿಯಾ, ಗಾಳಿಯಾಡದ ಕಪ್ಪು ಪದರವಿದ್ದರೆ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಹಳೆಯ ನೀರಿಗೂ ಬೆಲೆಯಿಲ್ಲ. ಉಪಯುಕ್ತ ಬ್ಯಾಕ್ಟೀರಿಯಾ ಬದುಕುವುದು ಮುಖ್ಯವಾಗಿ ಕಲ್ಲಿನ ಮೇಲೆ, ನೀರಿನಲ್ಲಲ್ಲ. ಕಲ್ಲನ್ನು ಒದ್ದೆಯಾಗಿ ಸಾಗಿಸಲು ಬೇಕಾದಷ್ಟು ನೀರು ತುಂಬಿಕೊಳ್ಳಿ, ಮನೆಯಲ್ಲಿ ಹೊಸ ಉಪ್ಪುನೀರು ಒಂದು ದಿನ ಮುಂಚೆಯೇ ಬೆರೆಸಿ ಸಿದ್ಧವಿರಲಿ.

ಕಲ್ಲಿನ ವಿಷಯ ಅಷ್ಟು ಸುಲಭವಲ್ಲ. ಬಲಿತ, ಜೀವಂತ ಕಲ್ಲು ಹೊಸ ಟ್ಯಾಂಕಿಗೆ ದೊಡ್ಡ ಬಲ. ಹೊಸ ಒಣಕಲ್ಲು ನಾಲ್ಕರಿಂದ ಆರು ವಾರ ತೆಗೆದುಕೊಳ್ಳುವ ಸೈಕಲ್ (ಅಮೋನಿಯಾ ನಿಭಾಯಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಅವಧಿ) ಅದರಿಂದ ಬಹಳ ಬೇಗ ಮುಗಿಯಬಹುದು. ಜೊತೆಗೆ ಪಿಡುಗುಗಳೂ ಬರುತ್ತವೆ. ರಾತ್ರಿ ಲೈಟು ಆರಿದ ಮೇಲೆ ಟಾರ್ಚಿನಲ್ಲಿ ನೋಡಲು ಅವಕಾಶ ಕೇಳಿ. ಕಂದು ಬಣ್ಣದ, ಸಣ್ಣ ತಾಳೆಮರದ ಆಕಾರದ ಐಪ್ಟೇಸಿಯಾ ಎಂಬ ಕುಟುಕುವ ಅನಿಮೋನ್ ಒಂದೆರಡಿದ್ದರೆ ನಿಭಾಯಿಸಬಹುದು, ಪ್ರತಿ ಕಲ್ಲಿನಲ್ಲೂ ಹತ್ತಾರಿದ್ದರೆ ಆಗದು. ಹಸಿರು ಗರಿಯಂಥ ಬ್ರಯಾಪ್ಸಿಸ್ ಪಾಚಿ, ಹೊಳೆಯುವ ಹಸಿರು ಗುಳ್ಳೆಯಂಥ ವ್ಯಾಲೋನಿಯಾ, ಕೊಳವೆಯೊಳಗಿದ್ದು ಬಲೆ ಬೀಸುವ ವರ್ಮೆಟಿಡ್ ಬಸವನಹುಳುಗಳು ಹರಡಿದ್ದರೆ ಜೀವಂತವಾಗಿ ತರಬೇಡಿ. ಮೀನಿದ್ದ ಟ್ಯಾಂಕಿನ ಒದ್ದೆ ಕಲ್ಲಿನಲ್ಲಿ ಕ್ರಿಪ್ಟೋಕ್ಯಾರಿಯಾನ್ ಸಿಸ್ಟುಗಳೂ (ಕವಚದೊಳಗೆ ಕೂತ ರೋಗಾಣು) ಇರಬಹುದು. ಅದಕ್ಕೆಂದೇ ಮೀನಿಲ್ಲದೆ 76 ದಿನ ಓಡಿಸುವ ರೂಢಿಯಿದೆ. ಮೊದಲ ಮೂರು ತಿಂಗಳು ಮೀನು ಹಾಕದೆ ಇರುವ ತಾಳ್ಮೆ ನಿಮಗಿದ್ದರೆ ಎರಡೂ ಲಾಭ.

ತಾಳ್ಮೆಯಿಲ್ಲದಿದ್ದರೆ, ಅಥವಾ ಪಿಡುಗು ಹೆಚ್ಚಿದ್ದರೆ, ಕಲ್ಲನ್ನು ಕೊಂದು ಹೊಸದಾಗಿ ಆರಂಭಿಸಿ. ಆದರೆ ಯಾವ ಕಾರಣಕ್ಕೂ ಕಲ್ಲನ್ನು ಕುದಿಸಬೇಡಿ, ಕುದಿನೀರು ಸುರಿಯಬೇಡಿ, ಒತ್ತಡದ ನೀರಿನಿಂದ ತೊಳೆಯಬೇಡಿ. ಪಾಲಿಥೋವಾ, ಜೊವಾಂಥಸ್ ಜಾತಿಯ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ತೀವ್ರ ವಿಷ ಇರಬಹುದು. ಹಬೆಯಲ್ಲಿ, ತುಂತುರಿನಲ್ಲಿ ಅದು ಉಸಿರಿಗೆ ಸೇರಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಹೊರಗೆ ಗಾಳಿಯಿರುವ ಕಡೆ, ಹತ್ತು ಪಾಲು ನೀರಿಗೆ ಒಂದು ಪಾಲು ಸುಗಂಧವಿಲ್ಲದ ಬ್ಲೀಚ್ ಬೆರೆಸಿ ಒಂದೆರಡು ದಿನ ಮುಳುಗಿಸಿಡಿ. ಸತ್ತ ಜೀವಿಗಳೆಲ್ಲ ಕರಗುತ್ತವೆ. ಆಮೇಲೆ ಹಲವು ಸಲ ತೊಳೆದು, ಸೋಡಿಯಂ ಥಯೋಸಲ್ಫೇಟ್ ಹಾಕಿದ ನೀರಿನಲ್ಲಿ ಕ್ಲೋರಿನ್ ಕಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಒಣಗಿಸಿ. ಬ್ಲೀಚ್ ತಾಗಿದ ಯಾವುದಕ್ಕೂ ಅದೇ ದಿನ ವಿನೆಗರ್ ಅಥವಾ ಬೇರೆ ಆಮ್ಲ ಸೋಕಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಬ್ಲೀಚಿನಿಂದ ಹೋಗದೆ ಉಳಿಯುವುದು ಕಲ್ಲಿಗೆ ಅಂಟಿದ ಫಾಸ್ಫೇಟ್. ಒಣಗಿದ ಕಲ್ಲನ್ನು ಹೊಸ ಉಪ್ಪುನೀರಿನ ಡ್ರಮ್ಮಿನಲ್ಲಿ ಪಂಪು ಓಡಿಸಿ ಒಂದು ವಾರ ಇಟ್ಟು ಫಾಸ್ಫೇಟ್ ಅಳೆಯಿರಿ. ಲೀಟರಿಗೆ 0.1 ಮಿ.ಗ್ರಾಂ ಒಳಗಿದ್ದರೆ ಬಳಸಿ. 0.5 ಅಥವಾ 1 ಬಂದರೆ ನೀರು ಬದಲಿಸಿ ಮತ್ತೆ ವಾರ ಬಿಡಿ. ಹೀಗೆ ತಿಂಗಳೂ ಹಿಡಿಯಬಹುದು. ಹೊಸ ಟ್ಯಾಂಕಿನಲ್ಲಿ ಹಸಿರು ಕೂದಲಿನಂಥ ಪಾಚಿ ತಿಂಗಳುಗಟ್ಟಲೆ ಕಾಡಿ, ಹವ್ಯಾಸವೇ ಬೇಡವೆನಿಸುವುದು ಈ ಹಂತ ಬಿಟ್ಟವರಿಗೆ.

ಎರಡು ಕ್ಲೌನ್ ಮೀನುಗಳನ್ನು ಮಾರುವವರು ಬೇರೆ ಯಾರಿಗಾದರೂ ಕೊಡಲಿ. ಕಲ್ಲು ಕದಲಿದ ಟ್ಯಾಂಕಿನಲ್ಲಿ ಅಮೋನಿಯಾ ಏರುವ ಸಾಧ್ಯತೆ ಇದ್ದೇ ಇದೆ, ಮೊದಲ ವಾರವೇ ಮೀನಿನ ಜೀವದ ಹೊಣೆ ನಿಮಗೆ ಬೇಡ.

ಬೆಲೆ, ಶುಚಿ, ಮೊದಲ ಓಟ

ಚೌಕಾಸಿಗೆ ಕೂರುವ ಮೊದಲು ಎರಡು ಪಟ್ಟಿ ಮಾಡಿ: ಇಟ್ಟುಕೊಳ್ಳುವ ವಸ್ತುಗಳ ಇಂದಿನ ಹೊಸ ಬೆಲೆ ಒಂದು, ನೀವು ಹೊಸದಾಗಿ ಕೊಳ್ಳಲೇಬೇಕಾದವುಗಳ ಬೆಲೆ ಇನ್ನೊಂದು. ಮಾರುವವರು ಕೇಳಿದ ಮೊತ್ತಕ್ಕೆ ಎರಡನೆಯದನ್ನು ಕೂಡಿಸಿ. ಎರಡೂ ಪಟ್ಟಿಯ ವಸ್ತುಗಳನ್ನೆಲ್ಲ ಹೊಸದಾಗಿಯೇ ಕೊಂಡರೆ ಆಗುವ ಖರ್ಚಿನ ಮೂರನೇ ಎರಡು ಭಾಗವನ್ನು ಅದು ದಾಟಿದರೆ, ವಾರಂಟಿಯೊಂದಿಗೆ ಹೊಸದೇ ವಾಸಿ. ಕಲ್ಲು, ಮರಳು, ಹೀಟರ್, ಕಿಟ್‌ಗಳನ್ನು ಪಟ್ಟಿಯಿಂದ ತೆಗೆದು ಬೆಲೆ ಇಳಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಮನೆಗೆ ಬಂದ ಪಂಪು, ಸ್ಕಿಮ್ಮರ್, ವೇವ್‌ಮೇಕರ್‌ಗಳನ್ನು ಲೀಟರಿಗೆ 50-60 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ ಓಡಿಸಿ, ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು ಪೂರ್ತಿ ಒಣಗಿಸಿ. ಸೋಪು ಮುಟ್ಟಿಸಬೇಡಿ. ಬಲ್ಕ್‌ಹೆಡ್‌ಗಳ (ಗಾಜಿನ ರಂಧ್ರದಲ್ಲಿ ಕೊಳವೆ ಕೂರಿಸುವ ಜೋಡಣೆ) ಗ್ಯಾಸ್ಕೆಟ್ ಹೊಸದು ಹಾಕಿ, ಅದು ಚಾಚುಪಟ್ಟಿಯ (ಫ್ಲ್ಯಾಂಜ್) ಬದಿಗಿರಲಿ, ನಟ್ಟಿನ ಬದಿಗಲ್ಲ. ಕೈಯಲ್ಲಿ ಬಿಗಿದು ಕಾಲು ಸುತ್ತು ಹೆಚ್ಚು ತಿರುಗಿಸಿದರೆ ಸಾಕು. ಎಲ್ಲ ವಿದ್ಯುತ್ ಉಪಕರಣಗಳೂ ವಿದ್ಯುತ್ ಸೋರಿದರೆ ತಾನಾಗಿ ಕರೆಂಟು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಮೂಲಕ ಹೋಗಲಿ, ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಲಿ. ಹಳೆಯ ಪಂಪೊಂದನ್ನು ನೀರಿಗಿಳಿಸಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಆ ಪಂಪಿನಿಂದ ವಿದ್ಯುತ್ ಸೋರುತ್ತಿದೆ. ಮಲ್ಟಿಮೀಟರ್ ನೀರಿನಲ್ಲಿ ಹತ್ತಿಪ್ಪತ್ತು ವೋಲ್ಟ್ ತೋರಿಸಿ ಆರ್‌ಸಿಸಿಬಿ ಬೀಳದಿದ್ದರೆ ಅದು ಬಹುಮಟ್ಟಿಗೆ ಮೋಟಾರಿನ ಪ್ರೇರಿತ ವೋಲ್ಟೇಜು.

ಉಪ್ಪು ಬೆರೆಸುವ ಮೊದಲು, ಸಿಹಿನೀರಿನಲ್ಲೇ, ಕರೆಂಟು ಕಡಿತದ ಪರೀಕ್ಷೆ ಮಾಡಿ. ಪಂಪು ನಿಂತರೆ ಓವರ್‌ಫ್ಲೋ ಅಂಚಿನವರೆಗೆ, ಅಥವಾ ರಿಟರ್ನ್ ಕೊಳವೆ ಅದಕ್ಕಿಂತ ಕೆಳಗೆ ಮುಳುಗಿದ್ದರೆ ಅದರ ಬಾಯಿಯವರೆಗೆ, ನೀರು ಸಂಪಿಗೆ ಇಳಿಯುತ್ತದೆ. ನಿಮ್ಮ ಟ್ಯಾಂಕಿನ ಮೇಲ್ಮೈ 4,050 ಚದರ ಸೆಂ.ಮೀ.; ನೀರು 3 ಸೆಂ.ಮೀ. ಇಳಿದರೆ 12 ಲೀಟರ್, 8 ಸೆಂ.ಮೀ. ಇಳಿದರೆ 32 ಲೀಟರ್. ಸಂಪಿನಲ್ಲಿ ಅಷ್ಟು ಖಾಲಿ ಜಾಗ ಇರಲೇಬೇಕು. ಕೊಳವೆಗೆ ಕೊರೆದ ಸೈಫನ್ ತಡೆಯುವ ರಂಧ್ರವನ್ನು ನಂಬಬೇಡಿ, ಉಪ್ಪೋ ಬಸವನಹುಳುವೋ ಅದನ್ನು ಮುಚ್ಚುತ್ತದೆ. ಕೊಳವೆಯ ಬಾಯನ್ನೇ ನೀರಿನ ಮಟ್ಟದಿಂದ ಒಂದೆರಡು ಸೆಂ.ಮೀ. ಕೆಳಗಷ್ಟೇ ಇಡಿ. ಪ್ಲಗ್ ಕಿತ್ತು, ನೀರು ಇಳಿಯುವುದು ಪೂರ್ತಿ ನಿಂತ ಮೇಲೆ ಸಂಪಿನ ಗೋಡೆಗೆ ಶಾಯಿಯಲ್ಲಿ ಗುರುತು ಹಾಕಿ. ಮತ್ತೆ ಪಂಪು ಹಚ್ಚಿ ನೀರು ಎಲ್ಲಿ ನಿಲ್ಲುತ್ತದೋ ಅಲ್ಲೂ ಒಂದು ಗುರುತು ಹಾಕಿ. ಓಡುವಾಗ ಸಂಪಿನ ನೀರು ಕೆಳಗಿರುವ ಈ ಎರಡನೆಯ ಗುರುತಿಗಿಂತ ಮೇಲೆ ಇರದಂತೆ ನೋಡಿಕೊಳ್ಳಿ. ತನ್ನಷ್ಟಕ್ಕೆ ನೀರು ತುಂಬಿಸುವ ಎಟಿಒ ಹಾಕುವುದಾದರೆ ಅದರ ಸೆನ್ಸರ್ ಕೂರಬೇಕಾದ್ದೂ ಅಲ್ಲೇ.